ಗುಲಾಬಿ ಮೀನು ಬಿಟ್ಟದ್ದು

"ಗುರುಗಳೇ, ಆಹಾರದ ಅಲರ್ಜಿಗೆ ಕಾರಣ ರಕ್ತದಲ್ಲಿರುವ ಪ್ರತಿಕಾಯ ಎಂದು ಕಲಿಸಿದಿರಿ. ಆ ಪ್ರತಿಕಾಯ ಪೂರ್ತಿ ಇಲ್ಲವಾದರೆ ರೋಗಿ ಗುಣವಾದ ಹಾಗೆಯೇ?"

ಕೇಳಿದವಳು ಕಿರಿಯ ವೈದ್ಯೆ. ಬೆಳಗಿನಿಂದ ರೋಗಿಗಳನ್ನು ನೋಡಿ ಇಬ್ಬರೂ ದಣಿದಿದ್ದರು. ಹಿರಿಯ ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳತೊಡಗಿದರು.

ನಾನು ಕರಾವಳಿಯ ಆಸ್ಪತ್ರೆಯೊಂದರಲ್ಲಿದ್ದೆ. ಅಲ್ಲಿಯ ಮಾರುಕಟ್ಟೆಯಲ್ಲಿ ಗುಲಾಬಿ ಎಂಬ ಹೆಂಗಸು ಮೀನು ಮಾರುತ್ತಿದ್ದಳು. ಗಂಡ ತೇಜಪ್ಪ ದೋಣಿಗೆ ಹೋಗುತ್ತಿದ್ದ. ಅವಳಿಗೆ ನಲವತ್ತೆರಡು ವರ್ಷ. ಮೀನಿಲ್ಲದೆ ಉಂಡ ದಿನಗಳು ಅವಳ ಬಾಳಿನಲ್ಲಿ ಬಹಳ ಕಡಿಮೆ.

ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ರಕ್ತ ನಿಲ್ಲಲಿಲ್ಲ. ನಾಲ್ಕು ಬಾಟಲಿ ರಕ್ತ ಕೊಟ್ಟರು. ಬದುಕಿದಳು. ಆರು ದಿನ ಗಂಜಿ ಕುಡಿದು ಮಲಗಿದ್ದು ಏಳನೆಯ ದಿನ ಮನೆಗೆ ಹೋದಳು. ಬಾಯಿ ರುಚಿ ಕೆಟ್ಟಿದೆಯೆಂದು ನಾದಿನಿ ಬಂಗುಡೆ ಮೀನಿನ ಸಾರು ಮಾಡಿದ್ದಳು. ಗುಲಾಬಿ ಎರಡು ತುತ್ತು ಉಂಡಳು. ಮೂರನೆಯದಕ್ಕೆ ಕೈ ಹಾಕುವ ಮೊದಲು ತುಟಿ ಊದಿತು. ಮೈ ತುಂಬ ದದ್ದು ಎದ್ದವು. ಗಂಟಲು ಕಟ್ಟಿತು. ರಿಕ್ಷಾದಲ್ಲಿ ತಂದರು. ತೊಡೆಗೆ ಚುಚ್ಚುಮದ್ದು ಕೊಟ್ಟ ಮೇಲೆ ಉಸಿರು ಮರಳಿತು.

ದೈವಕ್ಕೆ ಹೇಳಿಕೊಂಡ ಹರಕೆ ಮರೆತಿದ್ದಾಳೆ ಎಂದು ಕೆಲವರು ಹೇಳಿದರು. ಮೀನಿಗೆ ಏನೋ ಹಾಕಿದ್ದಾರೆ ಎಂದು ಕೆಲವರು. ಅದೇ ಪಾತ್ರೆಯ ಸಾರು ಉಂಡ ತೇಜಪ್ಪನಿಗೂ ಅವನ ತಂಗಿಗೂ ಏನೂ ಆಗಿರಲಿಲ್ಲ. ನಾನು ಅವಳ ಚರ್ಮದ ಮೇಲೆ ಮೀನಿನ ಸಾರದ ಒಂದು ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಗೀರಿದೆ. ಕಾಲು ಗಂಟೆಯೊಳಗೆ ಆ ಜಾಗ ಉಬ್ಬಿತು.

ಮೀನು ಅವಳಿಗೆ ಹೊಸದಲ್ಲ, ಅವಳ ದೇಹವೂ ಹೊಸದಲ್ಲ. ಹೊಸದಾಗಿ ಒಳಗೆ ಬಂದದ್ದು ರಕ್ತವೊಂದೇ. ರಕ್ತನಿಧಿಯವರನ್ನು ಕೇಳಿದೆ. ರಕ್ತ ಕೊಟ್ಟವರ ಹೆಸರು ಹೇಳುವ ಹಾಗಿಲ್ಲ ಎಂದರು. ಆದರೆ ಆ ನಾಲ್ವರಿಗೂ ವಿಚಾರ ತಿಳಿಸಿದರು. ಅವರಲ್ಲೊಬ್ಬ ತಾನಾಗಿಯೇ ನನ್ನಲ್ಲಿಗೆ ಬಂದ. ಬಸ್ ಕಂಡಕ್ಟರ್, ಹೆಸರು ಭುಜಂಗ. ಅವನಿಗೆ ಮೀನು ಆಗುತ್ತಿರಲಿಲ್ಲ. ರಕ್ತ ತೆಗೆಯುವಾಗ ಯಾರೂ ಅದನ್ನು ಕೇಳಿರಲಿಲ್ಲ. ಹೇಳಬೇಕೆಂದು ಅವನಿಗೂ ತೋಚಿರಲಿಲ್ಲ.

ಪ್ರತಿಕಾಯವೆಂದರೆ ಏನೆಂದು ನಿನಗೆ ಗೊತ್ತು. ಗುಲಾಬಿಯನ್ನೂ ಕರೆಸಿ ಅವರಿಬ್ಬರಿಗೆ ನಾನು ಹೀಗೆ ಹೇಳಿದೆ. ಭುಜಂಗನ ದೇಹ ಯಾವಾಗಲೋ ಮೀನನ್ನು ಶತ್ರುವೆಂದು ತಿಳಿಯಿತು. ಅದನ್ನು ಹಿಡಿಯಲೆಂದೇ ಒಂದು ಬಗೆಯ ಪ್ರತಿಕಾಯ ತಯಾರಿಸಿ ರಕ್ತದಲ್ಲಿ ಬಿಟ್ಟಿತು. ಅವು ಚರ್ಮದಲ್ಲಿ, ಗಂಟಲಲ್ಲಿ, ಕರುಳಿನಲ್ಲಿರುವ ಕೆಲವು ಜೀವಕಣಗಳ ಮೇಲೆ ಹೋಗಿ ಅಂಟಿಕೊಳ್ಳುತ್ತವೆ. ಮೀನು ಬಂದು ತಾಗಿದರೆ ಆ ಕಣಗಳು ತಮ್ಮೊಳಗಿನ ಉರಿಯೆಲ್ಲ ಹೊರಗೆ ಚೆಲ್ಲುತ್ತವೆ. ಊತ ಬರುವುದು, ಉಸಿರು ಕಟ್ಟುವುದು ಅದರಿಂದಲೇ, ಮೀನಿನಿಂದ ಅಲ್ಲ. ಭುಜಂಗನ ರಕ್ತದ ಜೊತೆ ಅವನ ಪ್ರತಿಕಾಯಗಳೂ ಗುಲಾಬಿಯ ಮೈಯೊಳಗೆ ಬಂದು ಕೂತಿವೆ.

ಭುಜಂಗ ತಲೆ ತಗ್ಗಿಸಿದ. "ಒಳ್ಳೆಯದಾಗ್ಲಿ ಅಂತ ಕೊಟ್ಟದ್ದು ಅಕ್ಕಾ. ಹೀಗಾಗ್ತದೆ ಅಂತ ಗೊತ್ತಿರ್ಲಿಲ್ಲ."

ಗುಲಾಬಿ ಅವನ ಮುಖ ನೋಡಿದಳು. "ನಿಮಗೆ ಇದು ಎಷ್ಟು ವರ್ಷದಿಂದ?"

"ಆರನೇ ವರ್ಷದಿಂದ. ಯಾರ ಮನೆಗೆ ಹೋದ್ರೂ ಎಲೆ ಮುಂದೆ ಕೂತು ಮೊದಲು ಕೇಳ್ಬೇಕು. ಕೇಳಿ ಕೇಳಿ ಸಾಕಾಗಿದೆ. ಈಗ ಮದುವೆ ಊಟಕ್ಕೇ ಹೋಗುವುದಿಲ್ಲ."

"ನಿಮ್ಮ ರಕ್ತ ಇಲ್ಲದಿದ್ರೆ ನಾನು ಇರ್ತಿರ್ಲಿಲ್ಲ. ಬೇಸರ ಮಾಡ್ಬೇಡಿ" ಎಂದಳು ಗುಲಾಬಿ. ಆಮೇಲೆ ನನ್ನತ್ತ ತಿರುಗಿದಳು. "ಇನ್ನು ನಾನೂ ಹೀಗೇ ಇರ್ಬೇಕಾ ಡಾಕ್ಟ್ರೇ?"

ಇಲ್ಲ ಎಂದೆ. ಭುಜಂಗನ ದೇಹ ಆ ಪ್ರತಿಕಾಯಗಳನ್ನು ದಿನವೂ ಹೊಸದಾಗಿ ತಯಾರಿಸುತ್ತದೆ. ನಿನ್ನ ದೇಹಕ್ಕೆ ಆ ಕೆಲಸ ಗೊತ್ತಿಲ್ಲ. ಬಂದಷ್ಟು ಸವೆದು ಹೋದರೆ ಮುಗಿಯಿತು. ಕೆಲವು ತಿಂಗಳು ಮೀನಿನಿಂದ ದೂರ ಇರು.

ದೂರ ಇರುವುದು ಸುಲಭವಾಗಿರಲಿಲ್ಲ. ಮೀನು ಬೇಯುವ ಆವಿಗೇ ಅವಳ ಕಣ್ಣು ಊದುತ್ತಿತ್ತು. ಮಾರುಕಟ್ಟೆಯ ಅವಳ ಜಾಗದಲ್ಲಿ ನಾದಿನಿ ಕೂತಳು. ತೇಜಪ್ಪ ದೋಣಿಯಿಂದ ಬಂದವನು ಹೊರಗೇ ಮಿಂದು, ಬಟ್ಟೆ ಬದಲಿಸಿ ಒಳಗೆ ಬರುತ್ತಿದ್ದ. ಊಟವನ್ನು ದೋಣಿಯಲ್ಲೇ ಮುಗಿಸುತ್ತಿದ್ದ. ಗುಲಾಬಿ ಒಬ್ಬಳೇ ಗಂಜಿ ಬಡಿಸಿಕೊಂಡು ಉಪ್ಪಿನಕಾಯಿ ನಂಜಿಕೊಂಡು ಉಣ್ಣುತ್ತಿದ್ದಳು.

ಎರಡು ತಿಂಗಳಿಗೆ ಮತ್ತೆ ಗೀರಿ ನೋಡಿದೆ. ಉಬ್ಬು ಚಿಕ್ಕದಾಗಿತ್ತು. ಐದನೆಯ ತಿಂಗಳಿಗೆ ಏನೂ ಏಳಲಿಲ್ಲ. ರಕ್ತ ಪರೀಕ್ಷೆಯಲ್ಲೂ ಆ ಪ್ರತಿಕಾಯ ಸಿಗಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆಸಿ ಎದುರು ಕೂರಿಸಿಕೊಂಡೆ. ಚುಚ್ಚುಮದ್ದು ಸಿದ್ಧವಿಟ್ಟುಕೊಂಡು ಬೇಯಿಸಿದ ಬಂಗುಡೆಯ ಚೂರು ಕೊಟ್ಟೆ. ಮೊದಲು ಅಕ್ಕಿಕಾಳಿನಷ್ಟು, ಆಮೇಲೆ ಉಗುರಿನಷ್ಟು, ಕೊನೆಗೆ ಇಡೀ ತುಂಡು. ಅವಳು ಅಗಿಯುವಾಗ ಒಂದು ಕೈ ಗಂಟಲ ಮೇಲೇ ಇತ್ತು. ಸಂಜೆಯವರೆಗೆ ಕಾದೆವು. ಏನೂ ಆಗಲಿಲ್ಲ. ತೇಜಪ್ಪ ನನ್ನ ಕಾಲಿಗೆ ಬೀಳಲು ಬಂದ. ನಾನೂ ಹಿಗ್ಗಿದೆ.

ಮೂರು ವರ್ಷದ ಮೇಲೆ ಮಾರುಕಟ್ಟೆಗೆ ಹೋಗಿದ್ದೆ. ಗುಲಾಬಿ ತನ್ನ ಜಾಗದಲ್ಲಿ ಕೂತು ಬಂಗುಡೆ ಮಾರುತ್ತಿದ್ದಳು. ಗಿರಾಕಿಗಳ ಜೊತೆ ಮೊದಲಿನ ಹಾಗೆಯೇ ಚೌಕಾಸಿ ನಡೆದಿತ್ತು. ನನ್ನನ್ನು ಕಂಡು ಎದ್ದು ನಿಂತಳು.

"ಇವತ್ತು ಮನೆಯಲ್ಲಿ ಯಾವ ಮೀನು?" ಎಂದು ಕೇಳಿದೆ.

"ಮನೆಯಲ್ಲಿ ಈಗ ಮೀನು ಮಾಡುವುದಿಲ್ಲ ಡಾಕ್ಟ್ರೇ. ಅವತ್ತು ನಿಮ್ಮೆದುರು ತಿಂದದ್ದೇ ಕೊನೆ."

"ಏನೂ ಆಗಲಿಲ್ಲವಲ್ಲ!"

"ನೀವು ಎದುರು ಕೂತಿದ್ರಿ. ಹಾಗಾಗಿ ತಿಂದೆ." ಅವಳು ಕೈಯೊರೆಸಿಕೊಂಡಳು. "ಎಷ್ಟೋ ಸಲ ಬಡಿಸಿಕೊಂಡಿದ್ದೇನೆ. ತುತ್ತು ಬಾಯಿ ಹತ್ತಿರ ಬರ್ತದೆ, ಗಂಟಲು ಕಟ್ಟಿದ ಹಾಗೆ ಆಗ್ತದೆ. ತಟ್ಟೆ ದೂಡಿ ಏಳ್ತೇನೆ. ಇವರು ಮೊದಲೆಲ್ಲ ಉಣ್ಣು ಉಣ್ಣು ಅಂತ ಬೈತಿದ್ರು. ಈಗ ಅವರೂ ನನ್ನ ಜೊತೆ ಗಂಜಿ ಉಣ್ತಾರೆ."

ನಾನು ಮೀನು ಕೊಳ್ಳದೆ ಹಿಂದಿರುಗಿದೆ.

ಗುರುಗಳು ಮಾತು ಮುಗಿಸಿ ಕನ್ನಡಕ ಹಾಕಿಕೊಂಡರು.

"ಹಾಗಾದರೆ ಆಕೆ ಗುಣವಾದಳೋ ಇಲ್ಲವೋ ಗುರುಗಳೇ?"

"ಗುಣವಾಗಿದ್ದಾಳೆ ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೇನಮ್ಮ."