ಬರೀ ಅಂಕಿ ಓದುವ ಇಂಜಿನಿಯರ್

ದಾವಣಗೆರೆಯ ಒಂದು ಸಣ್ಣ ಕಂಪನಿ ಹಾಲು ಪರೀಕ್ಷಿಸುವ ಯಂತ್ರ ಮಾಡುತ್ತಿತ್ತು. ಅದರೊಳಗಿನ ಸಿ ಭಾಷೆಯ ಪ್ರೋಗ್ರಾಂ ಮೂರು ದಿನದಿಂದ ನಡುವೆಯೇ ನಿಂತುಬಿಡುತ್ತಿತ್ತು. ಹಳ್ಳಿಗಳಲ್ಲಿ ಪರೀಕ್ಷೆಗೆ ಕಾದು ಕಾದು ಕ್ಯಾನುಗಟ್ಟಲೆ ಹಾಲು ಒಡೆದುಹೋಗಿತ್ತು. ಎಲ್ಲಿ ತಪ್ಪಿದೆ ಎಂದು ಕೇಳಿದರೆ ಯಂತ್ರ ಪ್ರೋಗ್ರಾಂ ನಿಂತ ಜಾಗ ಸೂಚಿಸುವ ಉದ್ದುದ್ದ ಅಂಕಿಗಳನ್ನಷ್ಟೇ ಕಾಗದದಲ್ಲಿ ಅಚ್ಚು ಹಾಕುತ್ತಿತ್ತು.

ಮುಖ್ಯ ಇಂಜಿನಿಯರ್ ಪದ್ಮರಾಜಯ್ಯ ಆ ಕಾಗದವನ್ನು ಎಲ್ಲರೆದುರು ಹಿಡಿದು ಗುಡುಗಿದರು. "ಇಪ್ಪತ್ತು ವರ್ಷದ ಅನುಭವ ನನ್ನದು. ಅಂಕಿ ನೋಡಿದರೇ ತಪ್ಪು ಯಾರದೆಂದು ಹೇಳಬಲ್ಲೆ. ಇದು ಸುಭಾಷಿಣಿ ಬರೆದದ್ದು. ನಾಳೆಯಿಂದ ಬರಬೇಡಮ್ಮ!"

ಕಿರಿಯ ಇಂಜಿನಿಯರ್ ಸುಭಾಷಿಣಿಗೆ ಮೈಯೆಲ್ಲ ಉರಿಯಿತು. ತಾನು ಬರೆದದ್ದನ್ನೆಲ್ಲ ಅವಳು ಹತ್ತು ಸಲ ಪರೀಕ್ಷಿಸಿದ್ದಳು. ಆದರೂ ದನಿ ಏರಿಸಲಿಲ್ಲ.

"ಆಗಲಿ ಸರ್. ಇದರಲ್ಲಿ ತಪ್ಪಿನ ಅಂಕಿ ಯಾವುದು? ಸುತ್ತು ಹಾಕಿ ಸಹಿ ಮಾಡಿಕೊಡಿ. ಮನೆಯಲ್ಲಿ ಕೇಳುತ್ತಾರೆ."

ಅವರು ಮೊದಲ ಅಂಕಿಗೇ ಸುತ್ತು ಹಾಕಿ, ಠೀವಿಯಿಂದ ಸಹಿ ಜಡಿದರು.

ಅವಳು ಅಲ್ಲೇ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕೊಟ್ಟಳು. ಒಂದೊಂದು ಅಂಕಿಯೂ ಯಾವ ಫೈಲಿನ ಎಷ್ಟನೇ ಸಾಲು, ಬರೆದವರು ಯಾರು ಎಂಬುದು ಪರದೆಯ ಮೇಲೆ ಮೂಡಿತು. ಸುತ್ತು ಹಾಕಿದ ಅಂಕಿಯ ಎದುರಿಗಿತ್ತು: ಕೊಬ್ಬಿನ ಲೆಕ್ಕದ ಫೈಲು, ಸಾಲು ೪೧೨, ಬರೆದವರು ಪದ್ಮರಾಜಯ್ಯ.

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪದ್ಮರಾಜಯ್ಯ ಬೆವರೊರೆಸಿಕೊಂಡರು. "ಈ ಹೆಸರು ಗಿಸರು ಎಲ್ಲ ಯಾಕಮ್ಮ? ಬರೀ ಅಂಕಿಯೇ ಚೆನ್ನಾಗಿತ್ತು."

"ಯಾರಿಗೆ ಚೆನ್ನಾಗಿತ್ತು ಸರ್?" ಎಂದು ಕೇಳಿ, ಸುಭಾಷಿಣಿ ಅವರದೇ ಕುರ್ಚಿ ಎಳೆದುಕೊಂಡು ಆ ಸಾಲನ್ನು ತಿದ್ದಲು ಕುಳಿತಳು.