ಪಟಾಕಿಗೆ ಮುಂಚಿನ ಪಾಠ

ದೀಪಾವಳಿಗೆ ಎಂಟು ದಿನ ಇರುವಾಗ ಕುಂಟಿ ಎಂಬ ಮುದಿ ನಾಯಿ ಲಾರಿ ಸ್ಟ್ಯಾಂಡಿನ ನಾಯಿಗಳನ್ನೆಲ್ಲ ಗೋಡೆಯ ಪಕ್ಕ ಕೂರಿಸಿದಳು. ಹಿಂದೆ ಪಟಾಕಿಗೆ ಹೆದರಿ ಹೆದ್ದಾರಿಗೆ ಓಡಿ ಒಂದು ಕಾಲು ಕಳೆದುಕೊಂಡವಳು ಅವಳು.

“ಸದ್ದಾದಾಗ ನಿಮಗೇನಾಗುತ್ತೆ? ಒಬ್ಬೊಬ್ಬರಾಗಿ ಹೇಳಿ.”

“ಅದು ನನ್ನನ್ನೇ ಹುಡುಕಿಕೊಂಡು ಬರುತ್ತೆ ಅಜ್ಜಿ,” ಅಂದ ಚುಕ್ಕ, ತಲೆ ತಗ್ಗಿಸಿ. ಹೋದ ವರ್ಷ ಅವನೂ ಹೆದ್ದಾರಿಗೆ ಓಡಿ, ಬಸ್ಸಿನ ಚಕ್ರಕ್ಕೆ ಸಿಗದೆ ಹೇಗೋ ಉಳಿದುಕೊಂಡಿದ್ದ.

“ನನ್ನನ್ನೂ ಹುಡುಕಿಕೊಂಡೇ ಬರುತ್ತೆ ಕಣೋ,” ಅಂದ ಬೂದ. “ಇಷ್ಟು ಜನರನ್ನ ಹುಡುಕೋಕೆ ಅದಕ್ಕೇನು ಬೇರೆ ಕೆಲಸ ಇಲ್ವಾ?”

ಎಲ್ಲರೂ ನಕ್ಕರು. ಚುಕ್ಕನಿಗೂ ನಗು ಬಂತು.

ಕುಂಟಿ ಹೇಳಿದಳು: “ಮೊದಲು ಎದೆ ಹೊಡೆದುಕೊಳ್ಳುತ್ತೆ, ಆಮೇಲೆ ಕಾಲು ಓಡು ಅನ್ನುತ್ತೆ. ಅದರ ಹೆಸರು ಭಯ. ಏರುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಇಳಿಯುತ್ತೆ. ಇಳಿಯೋವರೆಗೆ ಗೋಡೆಗೆ ಒರಗಿ, ಪಕ್ಕದವರಿಗೆ ಮೈ ತಾಗಿಸಿ ಕೂತಿರಿ.”

ಎಂಟು ದಿನವೂ ಅದೇ ಪಾಠ, ಅದೇ ಅಭ್ಯಾಸ ನಡೆಯಿತು.

ಹಬ್ಬದ ಬೆಳಗ್ಗೆ ಮೊದಲ ಸರಪಟಾಕಿ ಸಿಡಿಯಿತು. ಚುಕ್ಕ ಓಡಲು ಎದ್ದು ನಿಂತ. ನೋಡಿದರೆ ಪಕ್ಕದಲ್ಲಿ ಕುಂಟಿಯೇ ಗಡಗಡ ನಡುಗುತ್ತಿದ್ದಳು.

“ಏನಜ್ಜಿ, ಪಾಠ ಹೇಳಿದವಳೇ ನಡುಗ್ತಾ ಇದ್ದೀಯಲ್ಲ!”

“ನಡುಗಬೇಡಿ ಅಂತ ಯಾವತ್ತು ಹೇಳಿದೆನೋ? ಓಡಬೇಡಿ ಅಂದೆ, ಅಷ್ಟೆ.”

ಚುಕ್ಕ ಹೆದ್ದಾರಿಯ ಕಡೆ ಒಮ್ಮೆ ನೋಡಿದ. ಆಮೇಲೆ ಅವಳಿಗೆ ಮೈ ತಾಗಿಸಿ ಕೂತುಕೊಂಡ.

“ಇನ್ನೂ ಏರ್ತಾ ಇದೆ ಅಜ್ಜಿ,” ಅಂದ. ಆಮೇಲೆ ತಾನೇ ಅವಳಿಗೆ ಹೇಳಿದ: “ಸ್ವಲ್ಪ ತಡಿ, ಇಳಿಯುತ್ತೆ.”