ಹೊನ್ನಾಜಮ್ಮನು ಆಡಿನ ಮರಿಗೆ ಮೊದಲ ಗುಟುಕು ಕುಡಿಸಿದ ಕಥೆ

ದೀಪದ ಬತ್ತಿ ಸರಿಮಾಡಿ, ಸೀಸೆಗೆ ಅರಿಸಿನ ಕುಂಕುಮ ಹಚ್ಚಿದ್ದಾಯಿತು. ಇನ್ನು ಎಲ್ಲರೂ ಕೈಯಲ್ಲಿ ಅಕ್ಷತೆ ಹಿಡಿದು, ಬಾಯಿಗೆ ಬೀಗ ಹಾಕಿ, ಗುಟುಕು ಗೌರಿಯ ಕಥೆಯನ್ನು ಕೇಳುವುದು. ಕಳಶದ ಪಕ್ಕದಲ್ಲಿ ಹಾಲಿನ ಸೀಸೆ ಯಾಕೆಂದು ಹೊಸ ಸೊಸೆಯರು ಕಣ್ಣಲ್ಲೇ ಕೇಳುತ್ತಿದ್ದಾರೆ; ಕಥೆ ಮುಗಿಯುವ ಹೊತ್ತಿಗೆ ತಾನಾಗಿ ತಿಳಿಯುತ್ತದೆ.

ಪೂರ್ವದಲ್ಲಿ ಕಲ್ಲುಮಂಟಿಯೆಂಬ ಊರಿನಲ್ಲಿ ದ್ಯಾವಣ್ಣನೆಂಬ ಆಡು ಸಾಕುವವನೂ ಅವನ ಹೆಂಡತಿ ಹೊನ್ನಾಜಮ್ಮನೂ ಇದ್ದರು. ಅತ್ತೆಯು ಕಣ್ಣು ಮುಚ್ಚುವ ಮೊದಲು ಈ ಸೊಸೆಯನ್ನು ಹತ್ತಿರ ಕರೆದು, ನಮ್ಮ ಮನೆಯಲ್ಲಿ ಯಾವ ಜೀವ ಹುಟ್ಟಿದರೂ ತಾಯಿಯ ಮೊದಲ ಹಾಲು ಅದಕ್ಕೇ ಸಲ್ಲಬೇಕು, ಅದು ಒಂದು ಗುಟುಕು ನುಂಗಿದ್ದನ್ನು ಕಣ್ಣಾರೆ ಕಂಡು ಗುಟುಕು ಗೌರಿಗೆ ದೀಪ ಹಚ್ಚಬೇಕು, ಆಮೇಲಷ್ಟೇ ಮನೆಯೊಡತಿ ಊಟಕ್ಕೆ ಕೂರಬೇಕು, ಇದು ನಮ್ಮ ವ್ರತ, ಬಿಡಬೇಡ ಎಂದು ಹೇಳಿ ಹೋಗಿದ್ದಳು. ಹೊನ್ನಾಜಮ್ಮನು ಹೂಂಗುಟ್ಟಿದಳು. ಆದರೆ ಮರಿ ಕುಡಿಯುವುದನ್ನು ಕಾಯುತ್ತ ಕೂರುವುದು ಕೆಲಸವಿಲ್ಲದವರ ವ್ರತವೆಂದು ಮನಸ್ಸಿನಲ್ಲೇ ಅದನ್ನು ಬದಿಗಿಟ್ಟಳು.

ಅವಳಿಗಿದ್ದ ಹೆಮ್ಮೆಯೆಂದರೆ ಗಿಣ್ಣಿನದು. ಆಡು ಈದ ಕೂಡಲೇ ಕೆಚ್ಚಲಿನ ಗಿಣ್ಣುಹಾಲನ್ನು ಕಡೆಯ ಹನಿಯವರೆಗೂ ಹಿಂಡಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಹಬೆಯಲ್ಲಿ ಬೇಯಿಸಿ, ಒಂದು ತುಂಡನ್ನು ಗೌರಿಯ ಮುಂದಿಟ್ಟು, ಮಿಕ್ಕಿದ್ದನ್ನು ಬೀದಿಗೆಲ್ಲ ಹಂಚುವಳು. ಗಿಣ್ಣೆಂದರೆ ಹೊನ್ನಾಜಮ್ಮನ ಕೈಯದೇ ಗಿಣ್ಣು ಎಂದು ಬೀದಿಯವರು ಹೊಗಳುವರು. ಇವಳು ಹಿರಿಹಿರಿ ಹಿಗ್ಗುವಳು. ಇತ್ತ ದೊಡ್ಡಿಯಲ್ಲಿ ಮರಿಗಳು ಬರಿದಾದ ಮೊಲೆಯನ್ನು ಚೀಪಿ ಚೀಪಿ ಸೋತು ಮಲಗುವವು. ದೇವಿಗೆ ನೈವೇದ್ಯ ಮಾಡಿದ್ದೇನಲ್ಲ, ಇನ್ನೇನು ಕೊರತೆ ಎಂಬುದು ಅವಳ ಎಣಿಕೆ. ಹಸಿದ ಕೂಸಿನ ಬಾಯಿಂದ ಕಿತ್ತು ತಂದದ್ದನ್ನು ಯಾವ ತಾಯಿ ಉಂಡಾಳು? ಗೌರಿಯು ಮುಖ ತಿರುಗಿಸಿದಳು.

ದೇವಿ ಮುಖ ತಿರುಗಿಸಿದ ಮೇಲೆ ಹುಟ್ಟಿದ ಮರಿಗಳು ಉಳಿಯಲಿಲ್ಲ, ತಾಯಾಡುಗಳ ಕೆಚ್ಚಲು ಬತ್ತಿತು, ಮಂದೆ ಕರಗುತ್ತ ಬಂದು ಕೆಂದಿಯೆಂಬ ಒಂದು ಮುದಿ ಆಡು ಮಾತ್ರ ಮಿಕ್ಕಿತು. ದ್ಯಾವಣ್ಣನು ಕಂಡವರ ಹೊಲಕ್ಕೆ ಕೂಲಿಗೆ ಹೋಗುವಂತಾಯಿತು. ಗಿಣ್ಣು ತಿಂದು ಹೊಗಳಿದ ಬೀದಿಯವರು ಒಂದು ಲೋಟ ಮಜ್ಜಿಗೆ ಕೇಳಿದರೂ ಇಲ್ಲವೆನ್ನತೊಡಗಿದರು. ಮಾಡಿದ್ದುಣ್ಣೋ ಮಹರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಹೀಗಿರಲಾಗಿ ಅವರ ಒಬ್ಬಳೇ ಮಗಳು ಸಿದ್ದವ್ವನು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಬಂದವಳು ಮೈಯಲ್ಲಿ ರಕ್ತವಿಲ್ಲದೆ ಬಿಳಿಚಿಕೊಂಡಿದ್ದಳು, ಅನ್ನ ಸೇರದು, ಒಂದೇ ಬಯಕೆಯೆಂದರೆ ಅವ್ವನ ಕೈಯ ಗಿಣ್ಣು. ಬಸುರಿಯ ಬಯಕೆ ತೀರಿಸದೆ ಇರಬಾರದು, ಆದರೆ ಗಿಣ್ಣು ಎಲ್ಲಿಂದ ತರುವುದು ಎಂದು ಹೊನ್ನಾಜಮ್ಮನು ಒಳಗೊಳಗೇ ಬೇಯುತ್ತಿರಲು, ಒಂದು ಬೆಳಗ್ಗೆ ಕೆಂದಿಯು ಈದಿತು. ಹುಟ್ಟಿದ್ದು ಒಂದೇ ಹೆಣ್ಣು ಮರಿ. ಅದಕ್ಕೆ ನಿಲ್ಲಲು ಕಾಲಿಲ್ಲ, ಕತ್ತೆತ್ತಲು ತ್ರಾಣವಿಲ್ಲ. ಕೆಂದಿಯೂ ಏಳಲಾರದೆ ಮಲಗಿಬಿಟ್ಟಿತು. ಹಿಂಡಿದರೆ ಸಿಕ್ಕಿದ ಗಿಣ್ಣುಹಾಲು ಒಂದು ಸಣ್ಣ ಬಟ್ಟಲು.

ಬಟ್ಟಲು ಹಿಡಿದು ಹೊನ್ನಾಜಮ್ಮನು ಒಲೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು, ನಿಂತಳು. ಅತ್ತೆಯ ಮಾತು ನೆನಪಾಯಿತು. ಅತ್ತ ಮರಿ, ಇತ್ತ ಮಗಳು, ಯಾರ ಬಾಯಿಗೆ ಹಾಕಲಿ ಎಂದು ಕಣ್ಣೀರು ಸುರಿಸುತ್ತಿದ್ದ ತಾಯಿಯನ್ನು ಸಿದ್ದವ್ವನು ನೋಡಿ, "ಅವ್ವ, ನನ್ನ ಬಯಕೆ ನಾಳೆನೂ ಇರ್ತದೆ. ಆ ಮರಿ ನಾಳೆಗೆ ಇರ್ತದೋ ಇಲ್ಲವೋ. ಹೋಗು, ಕುಡಿಸು" ಅಂದಳು.

ಆಗ ಹೊನ್ನಾಜಮ್ಮನು ಔಷಧಿಯ ಖಾಲಿ ಸೀಸೆಯನ್ನು ತೊಳೆದು ಹಾಲು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಅದರ ತುದಿಯನ್ನು ಮೊಲೆತೊಟ್ಟಿನ ಹಾಗೆ ಹೊಸೆದಳು. ಈಗಿನ ಹಾಗೆ ಅಂಗಡಿಯಲ್ಲಿ ರಬ್ಬರಿನ ನಿಪ್ಪಲ್ಲು ಸಿಗುವ ಕಾಲವಲ್ಲ ಅದು. ಮಾಡಿದ್ದು ಚೆನ್ನಾಗಿಯೇ ಇತ್ತು. ಕೈಯ ಅವಸರ ಮಾತ್ರ ಹಳೆಯದೇ. ಮರಿಯ ಬಾಯನ್ನು ಬಲವಂತವಾಗಿ ಬಿಡಿಸಿ, ಕತ್ತನ್ನು ಆಕಾಶಕ್ಕೆತ್ತಿ, ಸೀಸೆಯನ್ನು ಬಗ್ಗಿಸಲು, ಹಾಲು ಮೂಗಿನಲ್ಲಿ ಬಂದು, ಮರಿಯು ಕೆಮ್ಮಿ ಕೆಮ್ಮಿ ಕಣ್ಣು ತೇಲಿಸಿತು. ಅಯ್ಯೋ ಗೌರಿ, ಕೊಂದೆನಲ್ಲೇ ಎಂದು ಅವಳು ಅರಚಿಕೊಂಡಳು.

ಅಷ್ಟರಲ್ಲಿ ನೀರು ಕೇಳಿಕೊಂಡು ಕೋಲೂರುತ್ತ ಬಂದ ಮುತ್ತೈದೆ ಮುದುಕಿಯೊಬ್ಬಳು ದೊಡ್ಡಿಯೊಳಗೆ ಇಣುಕಿ, "ಅದೇನು ಗಡಿಗೆಯೇನೇ ತಾಯಿ, ಬಗ್ಗಿಸಿ ಸುರಿಯೋಕೆ? ಕೂಸು ಕಣೇ! ಬಾಯಿ ತಣ್ಣಗಿರೋವಾಗ ಹಾಲು ಕೊಟ್ಟರೆ ಉಳಿಯಲ್ಲ. ಮೊದಲು ಮಡಿಲಿಗೆ ಹಾಕ್ಕೋ" ಎಂದು ಗದರಿದಳು.

ಮುದುಕಿ ಹೇಳುತ್ತ ಹೋದಳು, ಹೊನ್ನಾಜಮ್ಮ ಮಾಡುತ್ತ ಹೋದಳು. ಆ ವಿಧಿಯನ್ನೇ ನಾವು ಇಂದಿಗೂ ನಡೆಸುವುದು, ಗಮನವಿಟ್ಟು ಕೇಳಿ. ಮರಿಯ ಮೂಗು ಬಾಯಿ ಒರೆಸಿ, ಮೈಯನ್ನು ಒಣಹುಲ್ಲಿನಿಂದ ತಿಕ್ಕಿ, ಗೋಣಿಯಲ್ಲಿ ಸುತ್ತಿ, ಒಲೆಯ ಬದಿಯಲ್ಲಿ ಮಡಿಲಿಗೆ ಹಾಕಿಕೊಂಡು, ಬೆರಳಿಟ್ಟರೆ ಬಾಯಿ ಬೆಚ್ಚಗಿರುವ ತನಕ ಕಾಯುವುದು. ಗಿಣ್ಣುಹಾಲನ್ನು ಉರಿಯ ಮೇಲಿಟ್ಟರೆ ಗಟ್ಟಿಯಾಗಿಬಿಡುವುದರಿಂದ ಸೀಸೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಒಂದು ಹನಿಯನ್ನು ಮುಂಗೈಗೆ ಬಿಟ್ಟು ನೋಡುವುದು. ಮರಿಯನ್ನು ಮೊಣಕಾಲಿಗೆ ಆನಿಸಿ ನಿಲ್ಲಿಸಿ, ತಾಯಿಯ ಹೊಟ್ಟೆಯಡಿಯ ಕತ್ತಲೆ ಅದಕ್ಕೆ ಸಿಗುವಂತೆ ಕಣ್ಣ ಮೇಲೆ ಸೆರಗು ಮುಚ್ಚಿ, ಬಾಲದ ಬುಡವನ್ನು ಮೆಲ್ಲಗೆ ಕೆರೆದು, ಮೊದಲು ಬೆರಳು ಚೀಪಿಸಿ, ಆಮೇಲೆ ಬೆರಳಿನ ಜಾಗಕ್ಕೆ ಸೀಸೆಯ ತೊಟ್ಟು ಇಡುವುದು. ಸೀಸೆ ಕೆಚ್ಚಲಿನಷ್ಟೇ ಎತ್ತರದಲ್ಲಿರಬೇಕು.

ಹೇಳಿದಷ್ಟು ಸುಲಭವಾಗಿ ಆಯಿತೇ? ಇಲ್ಲ. ಮರಿಯು ತೊಟ್ಟನ್ನು ಉಗಿಯಿತು, ಇವಳು ಮತ್ತೆ ಇಟ್ಟಳು. ಅದು ಮುಖ ತಿರುಗಿಸಿತು, ಇವಳು ಮತ್ತೆ ಬೆರಳು ಕೊಟ್ಟಳು. ಹಾಲು ಆರಿತು, ಮತ್ತೆ ಬಿಸಿನೀರಿಗಿಟ್ಟಳು. ಅವಳು ಜನ್ಮದಲ್ಲಿ ಯಾರಿಗೂ ಅಷ್ಟು ಹೊತ್ತು ಕಾದವಳಲ್ಲ. ಕಡೆಗೆ ಬೆರಳಿನಡಿಯಲ್ಲಿ ಬಾಲವು ಸಣ್ಣಗೆ ಅಲ್ಲಾಡಿತು. ಗಂಟಲ ಮೇಲಿಟ್ಟಿದ್ದ ಅಂಗೈಗೆ ಗುಟುಕ್ ಎಂದು ತಾಗಿತು. ಇನ್ನೊಂದು ಗುಟುಕು, ಮತ್ತೊಂದು. ಹೊನ್ನಾಜಮ್ಮನು ಬಿಕ್ಕಿಬಿಕ್ಕಿ ಅತ್ತಳು.

ಅಜ್ಜಿಗೆ ಕೈಮುಗಿಯೋಣವೆಂದು ತಿರುಗಿದರೆ ಅಲ್ಲಿ ಯಾರೂ ಇಲ್ಲ. ಹೊಸ್ತಿಲ ಮೇಲೆ ಒಂದು ಚಿಟಿಕೆ ಕುಂಕುಮವಿತ್ತು. ಬೆಳಗಿನಿಂದ ತಾನು ಒಂದು ಅಗುಳೂ ತಿಂದಿಲ್ಲವೆಂದು ಅವಳಿಗೆ ಆಗ ಅರಿವಾಯಿತು. ಅದೇ ಕುಂಕುಮವನ್ನು ಸೀಸೆಗೆ ಹಚ್ಚಿ, ಗೌರಿಯ ಮುಂದೆ ದೀಪ ಬೆಳಗಿ, ಆಮೇಲೆ ಗಂಜಿ ಕುಡಿದಳು. ಸಂಜೆಯ ಹೊತ್ತಿಗೆ ಕೆಂದಿಯು ಎದ್ದು ನಿಂತು ಮರಿಯನ್ನು ನೆಕ್ಕಿತು.

ಅದಾಗಿ ಸ್ವಲ್ಪ ದಿನಕ್ಕೆ ಸಿದ್ದವ್ವನಿಗೆ ಅವಧಿಗೆ ಮೊದಲೇ ಹೆರಿಗೆಯಾಗಿ, ಅಂಗೈಯಗಲದ ಗಂಡು ಕೂಸು ಹುಟ್ಟಿತು. ಅಳುವ ತ್ರಾಣವಿಲ್ಲ, ಮೊಲೆ ಹಿಡಿಯಲೊಲ್ಲದು. ಸೂಲಗಿತ್ತಿಯು ಕೈಚೆಲ್ಲಿ ಹೊರಗೆ ಬಂದು ಕೂತಳು, ದ್ಯಾವಣ್ಣನು ಕಂಬಕ್ಕೊರಗಿ ಕಣ್ಣೊರೆಸಿಕೊಂಡನು. ಹೊನ್ನಾಜಮ್ಮನು ಅಳಲಿಲ್ಲ. ಕೂಸನ್ನು ಮಗಳ ಬರಿ ಎದೆಯ ಮೇಲೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, ತುಟಿ ಬೆಚ್ಚಗಾಗುವ ತನಕ ಕಾದಳು. ಮಗಳ ಎದೆಯ ಒಂದು ಹನಿ ಹಾಲನ್ನು ಕಿರುಬೆರಳಿಗೆ ತಾಗಿಸಿ ತುಟಿಗಿಟ್ಟಳು. ಕೂಸು ಬೆರಳು ಚೀಪಿತು. ಬೆರಳಿನ ಜಾಗಕ್ಕೆ ಎದೆಯನ್ನು ತಂದು, ಸೆರಗು ಮುಚ್ಚಿ, ಮತ್ತೆ ಕಾದಳು. ಬಿಟ್ಟಿತು, ಮತ್ತೆ ಹಿಡಿಸಿದಳು. ಸೆರಗಿನೊಳಗಿಂದ ಗುಟುಕ್ ಎಂಬ ಸದ್ದು ಬಂತು. ಆ ಸದ್ದನ್ನು ಅವಳು ಬಲ್ಲಳು.

ಮೊಮ್ಮಗನಿಗೆ ಹೊಟ್ಟೆ ತುಂಬಿದ ಮೇಲೆ ಅವಳು ನೇರವಾಗಿ ದೊಡ್ಡಿಗೆ ಹೋಗಿ, ಜಿಗಿದಾಡುತ್ತಿದ್ದ ಮರಿಯ ಗೊರಸು ಹಿಡಿದು ಹಣೆ ಹಚ್ಚಿ, "ನನ್ನವ್ವ, ನೀ ಬದುಕಿದ್ದಕ್ಕೆ ಅವನು ಬದುಕಿದ" ಅಂದಳು. ಮರಿಯು ಅವಳ ಸೆರಗಿನ ತುದಿಯನ್ನು ಚೀಪತೊಡಗಿತು.

ಗೌರಿಯೆಂದು ಹೆಸರಿಟ್ಟ ಆ ಮರಿ ಬೆಳೆದು, ಈದು, ಅದರ ಮರಿಗಳು ಕುಡಿದು ತೇಗಿದ ಮೇಲೆ ಮಿಕ್ಕ ಹಾಲಿನಲ್ಲಿ ಹೊನ್ನಾಜಮ್ಮನು ಒಂದೇ ಬಟ್ಟಲು ಗಿಣ್ಣು ಮಾಡಿ ಸಿದ್ದವ್ವನಿಗೆ ಕೊಟ್ಟಳು. ಬೀದಿಗೆ ಹಂಚಲು ಮಿಗಲಿಲ್ಲ, ಯಾರೂ ಹೊಗಳಲೂ ಇಲ್ಲ. ಮಂದೆ ಮತ್ತೆ ದೊಡ್ಡಿ ತುಂಬಿತು. ಊರಲ್ಲಿ ಯಾರ ಮನೆಯ ಮರಿ ಸೋತರೂ ಅವಳು ಸೀಸೆ ಹಿಡಿದು ಹೋಗುತ್ತಿದ್ದಳು.

ಹೊನ್ನಾಜಮ್ಮನಿಗೆ ಒಲಿದ ತಾಯಿಯು ಈ ಕಥೆ ಓದಿದವರಿಗೂ, ಕೇಳಿದವರಿಗೂ, ನಡುವೆ ತೂಕಡಿಸಿದವರಿಗೂ ಒಲಿಯಲಿ. ಅವರ ಮನೆಯ ಕೂಸುಗಳಿಗೆ ಗುಟುಕು ತಪ್ಪದಿರಲಿ, ತಾಯಂದಿರ ಎದೆ ಬತ್ತದಿರಲಿ. ಈಗ ಅಕ್ಷತೆ ಹಾಕಿ. ಪ್ರಸಾದಕ್ಕೆ ಆಮೇಲೆ ಕೈಯೊಡ್ಡುವಿರಂತೆ. ಮೊದಲು ಒಬ್ಬರು ಎದ್ದು ಈ ಸೀಸೆ ತೆಗೆದುಕೊಂಡು ಹೋಗಿ, ದೊಡ್ಡಿಯಲ್ಲಿ ನಿನ್ನೆ ಹುಟ್ಟಿದ ಮರಿ ಕುಡಿಯಿತೋ ಇಲ್ಲವೋ ನೋಡಿ ಬನ್ನಿ.